ಹತ್ತನೇ ಪುಟ

ಲಿಫ್ಟಿನ ಪಕ್ಕದ ಬೋರ್ಡನ್ನು ಹನುಮಕ್ಕ ಹತ್ತು ವರ್ಷ ನೋಡಿದ್ದಳು. ಓದಿದ್ದು ಹೋದ ವರ್ಷ.

ಅಲ್ಲಿಯವರೆಗೆ ಅದು ಲಿಫ್ಟು ಮಾಡಿದ ಕಂಪನಿಯ ಹೆಸರಿರಬೇಕು ಅಂದುಕೊಂಡಿದ್ದಳು. ಹಿತ್ತಾಳೆಯ ಬೋರ್ಡು. ಮೊದಮೊದಲು ಅಸೋಸಿಯೇಷನ್ನಿನ ಕೆಲಸದಲ್ಲಿದ್ದಾಗ ವಾರಕ್ಕೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಕಿ ಹೊಳೆಸುತ್ತಿದ್ದವಳೂ ಅವಳೇ. ಇಟ್ಟಮಡುವಿನ ಸಮುದಾಯ ಭವನದಲ್ಲಿ ರಾತ್ರಿ ಶಾಲೆ ಶುರುವಾಯಿತು. ಐವತ್ತಾರನೇ ವಯಸ್ಸಿನಲ್ಲಿ ಕಾಗುಣಿತ ಕೈಗೆ ಹತ್ತಿತು, ಒತ್ತಕ್ಷರ ನಾಲಿಗೆಗೆ ಹತ್ತಿತು. ಒಂದು ಬೆಳಿಗ್ಗೆ ಆ ಬೋರ್ಡಿನ ಮುಂದೆ ನಿಂತು, ಬೆರಳಿಟ್ಟು ಓದಿದಳು.

'ಮನೆಗೆಲಸದವರು, ಡೆಲಿವರಿಯವರು, ಸಾಕುಪ್ರಾಣಿಗಳು ಮತ್ತು ಕಸ ಹಿಂದಿನ ಲಿಫ್ಟ್ ಬಳಸತಕ್ಕದ್ದು.'

ಓದಿ ಮುಗಿಸಿದಾಗ ಖುಷಿಯಾಯಿತು. ಒಂದು ತಪ್ಪಿಲ್ಲದೆ ಓದಿದ್ದಳು. ಆಮೇಲೆ ಅರ್ಥವಾಯಿತು.

ಹಿಂದಿನ ಲಿಫ್ಟಿಗೆ ಹೋಗಬೇಕು ಅನ್ನುವುದು ಅವಳಿಗೆ ಹೊಸದಲ್ಲ. ಮೊದಲ ದಿನವೇ ಸೆಕ್ಯುರಿಟಿ ಹೇಳಿದ್ದ. ಹೇಳಿದ ಮಾತು ಗಾಳಿಗೆ ಹೋಗುತ್ತದೆ, ಮರೆತು ಬದುಕಬಹುದು. ಹಿತ್ತಾಳೆಯಲ್ಲಿ ಕೆತ್ತಿಸಿದ್ದು ಹೋಗುವುದಿಲ್ಲ. ನಾಯಿ ಬೇರೆ, ಕಸ ಬೇರೆ, ತಾನು ಬೇರೆ ಅಂದುಕೊಂಡಿದ್ದಳು. ಮೂರನ್ನೂ ಒಂದೇ ಸಾಲಿನಲ್ಲಿ ಬರೆದಿದ್ದರು. ಅವಳು ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದಳು.

ಆವತ್ತಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪಾತ್ರೆ ತೊಳೆಯುವಾಗ ಕಾಲು ಅದರಷ್ಟಕ್ಕೆ ಅದೇ ನೆಲ ಕುಟ್ಟುತ್ತಿತ್ತು.

ಆ ಕಟ್ಟಡದ ಹೆಸರು ಶ್ರೀಗಂಧ ಹೈಟ್ಸ್. ಜೆ.ಪಿ. ನಗರದಿಂದ ಬನಶಂಕರಿ ಮೂರನೇ ಹಂತದ ಕಡೆ ಹೋಗುವ ರಸ್ತೆಯಲ್ಲಿದೆ. ಮೇಲೆ ಹದಿನಾಲ್ಕು ಮಹಡಿ, ಕೆಳಗೆ ಮೂರು ಬೇಸ್‌ಮೆಂಟು. ಅದನ್ನು ಕಟ್ಟುವಾಗ ಹನುಮಕ್ಕ ಅಲ್ಲಿ ಮಣ್ಣು ಹೊತ್ತವಳು. ಮೂರನೇ ಬೇಸ್‌ಮೆಂಟಿಗೂ ಕೆಳಗೆ ಮುಂದಿನ ಲಿಫ್ಟಿಗೆ ಅಂತ ಒಂದು ಗುಂಡಿ ತೆಗೆಸಿದ್ದರು. ಆಳುದ್ದ ಮೀರಿದ ಗುಂಡಿ. ತಳದಲ್ಲಿ ನೀರು ಜಿನುಗುತ್ತಿತ್ತು. ಮಷಿನ್ನು ಇಳಿಯದ ಜಾಗಕ್ಕೆ ಹೆಂಗಸರು ಇಳಿದರು. ಇಬ್ಬರು ಕೆಸರು ತುಂಬಬೇಕು, ಇಬ್ಬರು ಹಲಗೆ ಹತ್ತಿ ಹೊರಗೆ ಸುರಿಯಬೇಕು. ಕಾಲ್ಬೆರಳ ಸಂದಿ ಕೊಳೆತು ಬಿಳಿಚಿಕೊಂಡಿತ್ತು. ತಲೆಯ ಸಿಂಬಿಯಿಂದ ಕೆಸರು ನೀರು ಕಣ್ಣಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರುತ್ತಿರಲಿಲ್ಲ. ಹನ್ನೊಂದನೇ ದಿನ ಹಲಗೆ ಜಾರಿತು. ಮಂಕರಿ ಸಮೇತ ಬಿದ್ದಳು. ಎಡ ಮೊಣಕಾಲು ತಿರುಚಿತು. ಮೇಸ್ತ್ರಿ ಮೇಲಿಂದ ಬಗ್ಗಿ ನೋಡಿ, "ಮಂಕರಿ ಮುರೀತಾ?" ಅಂದ.

ಆ ಮೊಣಕಾಲು ನೆಟ್ಟಗಾಗಲೇ ಇಲ್ಲ.

ಕಟ್ಟಡ ಮುಗಿದ ಮೇಲೆ ಮಣ್ಣು ಹೊತ್ತವರು ಅರೆಕೆರೆ, ಮಡಿವಾಳ ಅಂತ ಬೇರೆ ಬೇರೆ ಗುಂಡಿಗಳಿಗೆ ಹೋದರು. ಹನುಮಕ್ಕ ಕಾಲು ಎಳೆದುಕೊಂಡು ಅಲ್ಲೇ ಉಳಿದಳು. ಮೊದಲು ಅಸೋಸಿಯೇಷನ್ನಿನ ಕಸ ಗುಡಿಸಿದಳು. ಆಮೇಲೆ ಮೂರು ಮನೆ ಹಿಡಿದಳು. ಆರನೇ ಮಹಡಿ, ಒಂಬತ್ತನೇ ಮಹಡಿ, ಹನ್ನೊಂದನೇ ಮಹಡಿ.

ಈ ಅಕ್ಟೋಬರಿನಲ್ಲಿ ಹತ್ತನೇ ಮಹಡಿಯ ಯಾರೋ ಮನೆಗೆಲ್ಲ ಹೊಸ ಮಾರ್ಬಲ್ ಹಾಕಿಸಿದರು. ಕಲ್ಲುಗಳನ್ನೆಲ್ಲ ಹಿಂದಿನ ಲಿಫ್ಟಿನಲ್ಲಿ ಹೇರಿದರು. ಲಿಫ್ಟು ಕೆಟ್ಟು ನಿಂತಿತು. ಬಾಗಿಲಿಗೆ 'ರಿಪೇರಿ' ಅಂತ ಒಂದು ಚೀಟಿ ಬಂತು. ಮುಂದಿನ ಲಿಫ್ಟಿನ ಬೋರ್ಡು ಹಾಗೇ ಇತ್ತು. ಕಸವನ್ನು ಮುಂದಿನ ಲಿಫ್ಟಿನಲ್ಲಿ ತರಬಹುದು ಅಂತ ಅಸೋಸಿಯೇಷನ್ ಮೆಸೇಜು ಹಾಕಿತು. ಬೆಳಿಗ್ಗೆ ಆರರಿಂದ ಏಳು, ಮುಚ್ಚಿದ ಡಬ್ಬದಲ್ಲಿ. ನಾಯಿಗಳಿಗೂ ಬಿಟ್ಟರು, ಪಾಪ ಅವಕ್ಕೆ ಮೆಟ್ಟಿಲು ಕಷ್ಟ. ಕೆಲಸದ ಹೆಂಗಸರ ವಿಷಯ ಮೆಸೇಜಿನಲ್ಲಿ ಇರಲಿಲ್ಲ.

ಹನುಮಕ್ಕ ಮೆಟ್ಟಿಲು ಹತ್ತಿದಳು. ಬಲಗಾಲು ಮೇಲಿಟ್ಟು, ಎಡಗಾಲನ್ನು ಕೈಯಲ್ಲಿ ಎತ್ತಿ ಪಕ್ಕಕ್ಕೆ ಇಟ್ಟುಕೊಂಡು. ಹನ್ನೊಂದು ಮಹಡಿ, ದಿನಕ್ಕೆ ಎರಡು ಸಲ.

ಹನ್ನೊಂದರಲ್ಲಿ ಇದ್ದವರು ಜಯಸಿಂಹ ಮತ್ತು ಅವರ ಹೆಂಡತಿ ಅಲಮೇಲು. ಜಯಸಿಂಹ ರೈಲ್ವೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಎಪ್ಪತ್ತನಾಲ್ಕು. ಎದೆಯಲ್ಲಿ ಎರಡು ಸ್ಟೆಂಟು. ಬಾಯಿ ಮಾತ್ರ ಗಟ್ಟಿ. ಕೆಟ್ಟವರಲ್ಲ. ಹಬ್ಬಕ್ಕೆ ಸೀರೆ ಕೊಡುವವರು. ಹನುಮಕ್ಕನ ಕಾಫಿ ಲೋಟ ಸಿಂಕಿನ ಕೆಳಗೆ ಬೇರೆ ಇರುತ್ತಿತ್ತು. ಅಡುಗೆಮನೆಯಲ್ಲಿ ಅವಳು ಸಿಂಕಿನ ತನಕ ಮಾತ್ರ. ಇದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಅಲ್ಲಿ ಬೋರ್ಡು ಬೇಕಿರಲಿಲ್ಲ.

ಈ ವರ್ಷದ ರಾಜ್ಯೋತ್ಸವಕ್ಕೆ ಅಸೋಸಿಯೇಷನ್ನಿನ ಸೆಕ್ರೆಟರಿ ಶಶಿಕಾಂತ್ ಒಂದು ಕಟ್ಟಪ್ಪಣೆ ಮಾಡಿದ್ದ. ಎಲ್ಲ ಕಾರ್ಯಕ್ರಮವೂ ಕನ್ನಡದಲ್ಲೇ. ಜಯಸಿಂಹರಿಗೆ ಭಾಷಣ ಒಪ್ಪಿಸಿದರು. ವಿಷಯ ಅವರದೇ ಆಯ್ಕೆ: ಲಂಡನ್ ಪಟ್ಟಣವನ್ನು ಅಡ್ಡ ಹಾಯುವ, ಸಾವಿರದ ಒಂಬೈನೂರರಲ್ಲಿ ಓಡಲು ಶುರುಮಾಡಿದ ನೆಲದಡಿಯ ರೈಲು. ನಲವತ್ತು ವರ್ಷದಿಂದ ಅದರ ಪುಸ್ತಕ ಕೂಡಿಟ್ಟಿದ್ದರು. ಆದರೆ ಕೆಲಸವೆಲ್ಲ ಇಂಗ್ಲಿಷಿನಲ್ಲಿ ಮಾಡಿದ ಮನುಷ್ಯ. ಕನ್ನಡ ಮಾತಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಕೈ ನಡುಗುತ್ತಲೂ ಇತ್ತು.

"ಹನುಮಕ್ಕ, ನೀನು ನೈಟ್ ಸ್ಕೂಲಿಗೆ ಹೋಗ್ತೀಯಲ್ಲ, ಬರಿಯಕ್ಕೆ ಬರತ್ತಾ?" ಎಂದು ಕೇಳಿದರು.

"ದಪ್ಪಕ್ಷರ ಸಾರ್. ನಿಧಾನ."

"ದಪ್ಪ ಇದ್ರೇನೇ ಒಳ್ಳೇದು. ಈ ಕಣ್ಣಿಗೆ ಸಣ್ಣದು ಕಾಣಲ್ಲ."

ಹಾಗೆ ಶುರುವಾಯಿತು. ನೆಲ ಒರೆಸಿ ಮುಗಿಸಿದ ಮೇಲೆ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲೆ ರಟ್ಟು ಇಟ್ಟುಕೊಂಡು ಅವಳು ಬರೆಯುತ್ತಿದ್ದಳು. ಅವರು ಒಳಗಿನ ಕುರ್ಚಿಯಿಂದ ಹೇಳುತ್ತಿದ್ದರು.

"ಮೇಲ್ಗಡೆ ರಸ್ತೇಲಿ ಕುದುರೆ ಬಸ್ಸು, ಜನ, ಸಗಣಿ. ಕೆಳಗಡೆ ಕರೆಂಟ್ ರೈಲು. ಷೆಫರ್ಡ್ಸ್ ಬುಷ್ ಅಂತ ಜಾಗ. ಅಲ್ಲಿಂದ ಬ್ಯಾಂಕ್ ಅನ್ನೋ ಸ್ಟೇಷನ್ ತನಕ, ಒಂಬತ್ತು ಕಿಲೋಮೀಟರು."

"ಹಂಗಂದ್ರೇನು ಸಾರ್, ಮೊದಲನೇದು?"

"ಕುರುಬರ ಪೊದೆ ಅಂತ."

"ಕುರುಬರ ಪೊದೇಲಿ ಹತ್ತಿ ಬ್ಯಾಂಕಲ್ಲಿ ಇಳಿಯೋದು! ಸಖತ್ತಾಗಿದೆ ಬಿಡಿ. ನಮ್ಮ ಕಡೆ ಬ್ಯಾಂಕಲ್ಲಿ ಕುರುಬರನ್ನ ಒಳಗೇ ಬಿಡಲ್ಲ, ಸ್ಲಿಪ್ ತುಂಬ್ಕೊಂಡ್ ಬಾ ಅಂತಾರೆ."

ಜಯಸಿಂಹ ನಕ್ಕರು. ಅವರಿಗೆ ಈ ಹೊತ್ತು ಇಷ್ಟವಾಗತೊಡಗಿತ್ತು. ಅಲಮೇಲು ಈ ಕಥೆಯನ್ನು ನಲವತ್ತು ವರ್ಷ ಕೇಳಿ ಕಿವಿ ಮುಚ್ಚಿಕೊಂಡಿದ್ದರು. ಹನುಮಕ್ಕ ಪ್ರಶ್ನೆ ಕೇಳುತ್ತಿದ್ದಳು.

ಸುರಂಗ ಕೊರೆದ ಬಗೆಯನ್ನು ಹೇಳಲು ಅವರಿಗೆ ಮಾತು ಸಿಗಲಿಲ್ಲ. "ಉಕ್ಕಿನ ಒಂದು ಸಿಲಿಂಡರ್ ಶೀಲ್ಡು. ಅದರೊಳಗೆ ಆಳುಗಳು ನಿಂತು ಮಣ್ಣು ಕೀಳೋದು, ಶೀಲ್ಡನ್ನ ಮುಂದಕ್ಕೆ ನೂಕೋದು, ಹಿಂದೆ ಕಬ್ಬಿಣದ ರಿಂಗು ಜೋಡಿಸೋದು. ಹೆಂಗೆ ಹೇಳೋದು ಇದನ್ನ?"

"ಬಾವಿಗೆ ಸಿಮೆಂಟ್ ಬಳೆ ಇಳಿಸ್ತಾರಲ್ಲ ಸಾರ್, ಒಳಗೆ ಮಣ್ಣು ತೆಗೀತಾ ತೆಗೀತಾ? ಆ ಬಾವೀನ ಅಡ್ಡ ಮಲಗಿಸಿದಂಗೆ."

ಅವರು ಕುರ್ಚಿಯಿಂದ ಎದ್ದು ನಿಂತರು. "ಅಡ್ಡ ಮಲಗಿಸಿದ ಬಾವಿ! ಬರಿ, ಬರಿ. ಇಂಜಿನಿಯರಿಂಗ್ ಕಾಲೇಜಲ್ಲಿ ಯಾರೂ ಹಿಂಗೆ ಹೇಳಿಕೊಡಲಿಲ್ಲ ನಂಗೆ."

ಒಂಬತ್ತನೇ ಪುಟಕ್ಕೆ ಬಂದಾಗ ಜಯಸಿಂಹರ ದನಿ ಏರಿತು. ಅವರಿಗೆ ತುಂಬ ಪ್ರಿಯವಾದ ಭಾಗ ಅದು. ಆ ಕಾಲದ ರೈಲುಗಳಲ್ಲಿ ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ ಅಂತ ಇರುತ್ತಿತ್ತು. ಈ ರೈಲಿನಲ್ಲಿ ಅದನ್ನು ತೆಗೆದುಹಾಕಿದರು. ಎಲ್ಲರಿಗೂ ಒಂದೇ ದರ, ಎರಡು ಪೆನ್ನಿ. ಎಲ್ಲರಿಗೂ ಒಂದೇ ಡಬ್ಬಿ. ಸ್ಟೇಷನ್ನು ನೆಲದ ಕೆಳಗೆ ಆಳದಲ್ಲಿತ್ತು. ಅಲ್ಲಿಗೆ ಇಳಿಸಲು ದೊಡ್ಡ ಲಿಫ್ಟುಗಳಿದ್ದವು. ಟಿಕೆಟ್ಟನ್ನು ಡಬ್ಬದಲ್ಲಿ ಹಾಕಿ ಎಲ್ಲರೂ ಒಟ್ಟಿಗೆ ಇಳಿಯುವುದು.

"ಎಲ್ಲರೂ ಅಂದ್ರೆ?" ಹನುಮಕ್ಕನ ಪೆನ್ನು ನಿಂತಿತು.

"ಎಲ್ಲರೂ ಅಮ್ಮ. ರೇಷ್ಮೆ ಟೋಪಿ ಹಾಕಿದ ಸಾಹುಕಾರ, ಆಫೀಸು ಗುಡಿಸೋ ಹೆಂಗಸು. ಬಕೆಟ್ ಹಿಡ್ಕೊಂಡು."

"ಬಕೆಟ್ ಹಿಡ್ಕೊಂಡು?"

"ಹೂಂ."

'ದೊರೆಸಾನಿಯೂ ನೆಲ ಒರೆಸುವವಳೂ ಒಂದೇ ಲಿಫ್ಟಿನಲ್ಲಿ ಇಳಿದರು' ಎಂದು ಅವಳು ಬರೆದಳು. ಪುಟದ ಕೊನೆಯ ಸಾಲು ಅದೇ ಆಯಿತು. ಬರೆದು, ಎದ್ದು, ಬಾಲ್ಕನಿಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು.

"ಏನಾಯ್ತು?" ಎಂದರು ಜಯಸಿಂಹ.

"ಅಗೆದವರ ಹೆಸರು ಹಾಕಲ್ವಾ ಸಾರ್?"

"ಇಂಜಿನಿಯರ್‌ಗಳ ಹೆಸರು ಮೂರನೇ ಪುಟದಲ್ಲಿದೆಯಲ್ಲ."

"ಅವರಲ್ಲ. ಬಳೆಯೊಳಗೆ ನಿಂತ್ಕೊಂಡು ಮಣ್ಣು ಕಿತ್ತವರು."

ಅವರು ತಲೆ ಕೆರೆದುಕೊಂಡರು. "ನನ್ನ ಪುಸ್ತಕಗಳಲ್ಲಿ ಇಲ್ಲಮ್ಮ."

"ನಮ್ಮ ಲಿಫ್ಟಿನ ಗುಂಡಿ ಅಗೆದವರ ಹೆಸರು ನಂಗೊತ್ತು," ಎಂದಳು ಹನುಮಕ್ಕ. ಹೇಳಿದಳು. ನೀರು, ಹಲಗೆ, ಮಂಕರಿ, ಮೊಣಕಾಲು. ಒಂಬತ್ತು ದಿನದಿಂದ ಆ ಮೊಣಕಾಲಿನಲ್ಲೇ ಹನ್ನೊಂದು ಮಹಡಿ ಹತ್ತುತ್ತಿರುವುದು. ಅಳಲಿಲ್ಲ, ದನಿ ಏರಿಸಲಿಲ್ಲ. ಅಕ್ಕಿ ಆರಿಸುವ ಹಾಗೆ ಒಂದೊಂದೇ ಮಾತು ಎತ್ತಿ ಮುಂದಿಟ್ಟಳು.

ಜಯಸಿಂಹ ಕನ್ನಡಕ ತೆಗೆದು ಒರೆಸಿದರು. ಕಣ್ಣು ಒದ್ದೆಯಾಗಿತ್ತು. "ಹತ್ತನೇ ಪುಟ ತಗೋ," ಎಂದರು. "ಬರಿ."

'ಆ ಸುರಂಗ ಅಗೆದವರ ಹೆಸರು ನನಗೆ ಗೊತ್ತಿಲ್ಲ. ನಮ್ಮ ಈ ಕಟ್ಟಡದ ಲಿಫ್ಟಿನ ಗುಂಡಿ ಅಗೆದವರಲ್ಲಿ ಒಬ್ಬರ ಹೆಸರು ಗೊತ್ತು. ಹನುಮಕ್ಕ. ಅವರು ನನ್ನ ಮನೆಯಲ್ಲಿ ಕೆಲಸ ಮಾಡುತ್ತಾರೆ. ಆ ಗುಂಡಿಯಲ್ಲಿ ಅವರ ಮೊಣಕಾಲು ಹೋಯಿತು. ಅವರು ಆ ಲಿಫ್ಟು ಹತ್ತುವಂತಿಲ್ಲ. ಲಂಡನ್ನಿನ ರೈಲಿನವರು ನೂರಿಪ್ಪತ್ತೈದು ವರ್ಷದ ಹಿಂದೆ ಬಿಟ್ಟ ದರ್ಜೆಯನ್ನು ನಾವು ಹಿತ್ತಾಳೆಯಲ್ಲಿ ಕೆತ್ತಿಸಿ ಇಟ್ಟುಕೊಂಡಿದ್ದೇವೆ. ಆ ಬೋರ್ಡು ತೆಗೆದರೆ ಒಳ್ಳೆಯದು.'

"ಉಹೂಂ," ಎಂದು ಅವರೇ ತಡೆದರು. "ತೆಗೆದರೆ ಒಳ್ಳೇದು ಅಲ್ಲ. ತೆಗೆಯಬೇಕು. ಗೀಟು ಹೊಡಿ ಅದಕ್ಕೆ. 'ತೆಗೆಯಬೇಕು' ಅಂತ ಬರಿ."

"ಓದ್ತೀರಾ ಸಾರ್? ಎಲ್ಲರ ಮುಂದೆ?"

"ನಾನು ಯಾರಿಗೆ ಹೆದರಬೇಕು ಹನುಮಕ್ಕ, ಈ ವಯಸ್ಸಲ್ಲಿ?"

ಅವಳು ತನ್ನ ಹೆಸರನ್ನು ಆವರೆಗೆ ಬರೆದದ್ದು ಶಾಲೆಯ ಹಾಜರಿಯಲ್ಲಿ ಮಾತ್ರ. ಇದು ಎರಡನೇ ಜಾಗ.

ನವೆಂಬರ್ ಒಂದು, ಶನಿವಾರ. ನೆಲಮಹಡಿಯ ಹಾಲಿನಲ್ಲಿ ಸಂಜೆ ನಾಲ್ಕಕ್ಕೆ ಕಾರ್ಯಕ್ರಮ. ಹಳದಿ ಕೆಂಪು ಶಲ್ಯ ಹಾಕಿಕೊಂಡು ಎಂಬತ್ತು ಜನ ಕೂತಿದ್ದರು. ಹನುಮಕ್ಕ ಹಿಂದಿನ ಮೇಜಿನ ಹತ್ತಿರ ಬಿಸಿಬೇಳೆಬಾತು, ಮೊಸರನ್ನದ ಡಬರಿಗಳ ಪಕ್ಕ ನಿಂತಿದ್ದಳು. ಸ್ಥಿರವಾಗಿ ನಿಲ್ಲಲಿಲ್ಲ. ಸೌಟು ಎತ್ತಿಟ್ಟಳು, ಲೋಟ ಜೋಡಿಸಿದಳು, ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

ಜಯಸಿಂಹ ಚೆನ್ನಾಗಿ ಓದಿದರು. 'ಅಡ್ಡ ಮಲಗಿಸಿದ ಬಾವಿ'ಗೆ ಜನ ತಲೆದೂಗಿದರು. 'ಕುರುಬರ ಪೊದೆಯಿಂದ ಬ್ಯಾಂಕಿಗೆ' ಅಂದಾಗ ನಕ್ಕರು. ಹಾಳೆ ತಿರುವಿದಂತೆಲ್ಲ ಹನುಮಕ್ಕ ತುಟಿಯಲ್ಲೇ ಮುಂದಿನ ಸಾಲು ಹೇಳಿಕೊಳ್ಳುತ್ತಿದ್ದಳು. ಪ್ರತಿ ಪುಟ ಎಲ್ಲಿ ಮುಗಿಯುತ್ತದೆ, ಎಲ್ಲಿ ಶುರುವಾಗುತ್ತದೆ, ಎಲ್ಲ ಅವಳಿಗೆ ಗೊತ್ತು.

"ದೊರೆಸಾನಿಯೂ ನೆಲ ಒರೆಸುವವಳೂ ಒಂದೇ ಲಿಫ್ಟಿನಲ್ಲಿ ಇಳಿದರು," ಎಂದು ಓದಿದರು ಜಯಸಿಂಹ.

ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿದ್ದ ಶಶಿಕಾಂತ್ ಎಲ್ಲರಿಗಿಂತ ಜೋರಾಗಿ ತಟ್ಟಿದ. "ಸೂಪರ್ ಸಾರ್!" ಎಂದ.

ಜಯಸಿಂಹ ಬೆರಳು ನಾಲಿಗೆಗೆ ಮುಟ್ಟಿಸಿ ಹಾಳೆ ತಿರುವಿದರು. "ಕೊನೆಯದಾಗಿ, ಈ ಅವಕಾಶ ಕೊಟ್ಟ ಅಸೋಸಿಯೇಷನ್ನಿಗೆ..."

ಅದು ಹನ್ನೊಂದನೇ ಪುಟ.

ಹಾಳೆ ಅಂಟಿಕೊಂಡಿರಬೇಕು ಅಂದುಕೊಂಡಳು ಹನುಮಕ್ಕ. ಈಗ ಗೊತ್ತಾಗುತ್ತದೆ ಅವರಿಗೆ. ಈಗ ನಿಲ್ಲಿಸಿ ಹಿಂದಕ್ಕೆ ತಿರುವುತ್ತಾರೆ. ಕಾದಳು. ಅವರು ತಲೆ ಎತ್ತಿದರು. ಎಂಬತ್ತು ತಲೆಗಳ ಮೇಲಿಂದ ಅವಳ ಕಣ್ಣು ಸಿಕ್ಕಿತು. ತಲೆ ತಗ್ಗಿಸಿ, ಮಿಕ್ಕ ವಂದನೆ ಓದಿದರು.

ಶಶಿಕಾಂತ್ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ ಫೋಟೋ ತೆಗೆಸಿದ. ಜನ ತಟ್ಟೆ ಹಿಡಿದು ಸಾಲು ನಿಂತರು. ಹನುಮಕ್ಕ ಎಂಬತ್ತು ತಟ್ಟೆಗೂ ಮೊಸರನ್ನ ಬಡಿಸಿದಳು. ಒಂದು ಅಗುಳು ಚೆಲ್ಲಲಿಲ್ಲ. ಕೊನೆಗೆ ಜಯಸಿಂಹರ ತಟ್ಟೆ ಬಂತು.

"ಎರಡು ಹಾಳೆ ಅಂಟ್ಕೊಂಡಿತ್ತಾ ಸಾರ್?" ಎಂದು ಕೇಳಿದಳು. ಅವರಿಗೊಂದು ದಾರಿ ಬಿಟ್ಟು ಕೇಳಿದಳು.

ಅವರು ಆ ದಾರಿ ಹಿಡಿಯಲಿಲ್ಲ. "ಟೈಮ್ ಆಗೋಗಿತ್ತಮ್ಮ. ಮುಂದಿನ ಮೀಟಿಂಗಲ್ಲಿ ಶಶಿಕಾಂತ್ ಹತ್ರ ಪರ್ಸನಲ್ಲಾಗಿ ಹೇಳ್ತೀನಿ. ಹಬ್ಬದ ದಿನ, ಇಂಥ ಕಡೆ, ಅದೆಲ್ಲ ಚೆನ್ನಾಗಿರಲ್ಲ."

"ಆ ಹಾಳೆ ಕೊಡಿ ಸಾರ್."

"ಯಾಕೆ?"

"ನನ್ನ ಕೈಬರಹ."

ಅವರು ಫೈಲು ತೆರೆದು ಕೊಟ್ಟರು. ಕೊಡುವಾಗ ಸುತ್ತ ನೋಡಿದರು.

ಕುರ್ಚಿಯಲ್ಲಿ ಕೂತಿದ್ದ ಅಲಮೇಲು ಕೂಗಿ ಹೇಳಿದರು: "ಹನುಮಕ್ಕ, ಮೊಸರನ್ನದ ಡಬರಿ ನಮ್ಮದು. ಮೇಲೆ ಇಟ್ಬಿಡು. ಜೋಪಾನ, ಮೆಟ್ಟಿಲ ಮೇಲೆ ಬೀಳಿಸ್ಬೇಡ."

ಹನುಮಕ್ಕ ಡಬರಿ ಸೊಂಟಕ್ಕೆ ಒತ್ತಿಕೊಂಡು ಹಾಲಿನಿಂದ ಹೊರಗೆ ಬಂದಳು. ಎಡಕ್ಕೆ ಮೆಟ್ಟಿಲು, ಬಲಕ್ಕೆ ಲಿಫ್ಟು. ಲಿಫ್ಟಿನ ಬಟನ್ ಒತ್ತಿದಳು. ಅದು ಬಿಸಿ ಇರಲಿಲ್ಲ, ತಣ್ಣಗೂ ಇರಲಿಲ್ಲ, ಎಲ್ಲ ಬಟನ್ನಿನ ಹಾಗೆ ಒಂದು ಬಟನ್ನು.

ಬಾಗಿಲು ತೆರೆಯಿತು. ಒಳಗೆ ಹೋಗಿ ಡಬರಿಯನ್ನು ಹೊಸಿಲಿನ ಮೇಲೆ ಇಟ್ಟಳು. ಬಾಗಿಲು ಬಂದು ಡಬರಿಗೆ ತಾಗಿ ವಾಪಸಾಯಿತು. ಡಬರಿಯ ತಳದಿಂದ ನಾಲ್ಕು ಅಗುಳು ಬಳಿದು, ಅಂಗೈಯಲ್ಲಿ ಹಿಸುಕಿ, ಹತ್ತನೇ ಪುಟದ ನಾಲ್ಕು ಮೂಲೆಗೂ ಸವರಿದಳು. ಮನೆಯಲ್ಲಿ ಕ್ಯಾಲೆಂಡರು, ದೇವರ ಪಟ ಅಂಟಿಸಿದ್ದು ಹೀಗೆಯೇ. ಎದುರು ಗೋಡೆಗೆ ದೊಡ್ಡ ಕನ್ನಡಿ ಇತ್ತು. ಹಾಳೆಯನ್ನು ಕನ್ನಡಿಯ ನಡುಮಧ್ಯಕ್ಕೆ ಒತ್ತಿದಳು. ಹಾಳೆಯ ಸುತ್ತ ತನ್ನ ಮೈ ಕಾಣಿಸಿತು, ಅಂಗಾಲಿನಿಂದ ನೆತ್ತಿಯವರೆಗೆ. ಅಷ್ಟುದ್ದ ತನ್ನನ್ನು ತಾನು ನೋಡಿಕೊಂಡವಳಲ್ಲ.

ಊಟ ಮುಗಿಸಿ ಮೇಲೆ ಹೋಗಲು ಬಂದವರು ಬಾಗಿಲಲ್ಲಿ ನಿಂತರು. ಐದು ಜನ, ಹತ್ತು ಜನ.

"ಏಯ್, ಇದೇನಿದು?" ಶಶಿಕಾಂತ್ ನುಗ್ಗಿ ಬಂದ. "ಬೋರ್ಡ್ ಕಾಣಲ್ವಾ ನಿಂಗೆ?"

"ಕಾಣತ್ತೆ ಸಾರ್. ಓದಕ್ಕೂ ಬರತ್ತೆ."

"ಹೊರಗೆ ಬಾ. ಆಂಟಿ, ನೀವು ಯಾರ ಮನೆ ಕೆಲಸದವರು?" ಇಷ್ಟು ಜನರ ಮುಂದೆ 'ಆಂಟಿ', 'ನೀವು' ನೆನಪಾಗಿತ್ತು. "ಚಿಕ್ಕಬೈರಪ್ಪ! ಎಳ್ಕೊಂಡು ಹೊರಗೆ ಹಾಕೋ ಇವಳನ್ನ."

ಸೆಕ್ಯುರಿಟಿಯ ಚಿಕ್ಕಬೈರಪ್ಪ ಬಂದು, ಡಬರಿ ನೋಡಿ, ಹನುಮಕ್ಕನನ್ನು ನೋಡಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. "ಹೆಂಗಸರನ್ನ ಮುಟ್ಟಂಗಿಲ್ಲ ಸಾರ್ ನಾವು. ರೂಲ್ಸು."

"ಪವರ್ ಆಫ್ ಮಾಡು ಹಂಗಾದ್ರೆ!"

"ಪ್ಯಾನಲ್ ಕೀ ಮ್ಯಾನೇಜರ್ ಹತ್ರ ಸಾರ್. ಇವತ್ತು ರಾಜ್ಯೋತ್ಸವದ ರಜಾ."

ಯಾರೋ ಕಿಸಕ್ಕೆಂದರು. ಶಶಿಕಾಂತನ ಮುಖ ಕೆಂಪಾಯಿತು. "ನೋಡು, ಕ್ಯಾಮೆರಾದಲ್ಲಿ ಎಲ್ಲಾ ರೆಕಾರ್ಡ್ ಆಗ್ತಿದೆ. ನಾಳೆಯಿಂದ ನಿನ್ನ ಗೇಟ್ ಪಾಸ್ ಬ್ಲಾಕು. ಇಲ್ಲಿನ ಮನೆ ಎಲ್ಲಾ ಹೋಯ್ತು ನಿಂಗೆ. ಗೊತ್ತಾಯ್ತಾ?"

"ಗೊತ್ತಾಯ್ತು," ಎಂದಳು ಹನುಮಕ್ಕ. ನಿಜಕ್ಕೂ ಗೊತ್ತಾಗಿತ್ತು. ಕಾಲು ಮಾತ್ರ ಕುಟ್ಟುವುದನ್ನು ನಿಲ್ಲಿಸಿತ್ತು. "ನಾಳೆ ತಾನೇ? ಇವತ್ತು ಪಾಸಿದೆ. ಮೇಲಕ್ಕೆ ಬರೋರು ಬನ್ನಿ. ಜಾಗ ಇದೆ. ಹತ್ತು ಜನ ಹಿಡೀತಾರೆ ಅಂತ ಬರೆದಿದ್ದೀರಿ."

ಡಬರಿಯನ್ನು ಒಳಕ್ಕೆ ಎಳೆದುಕೊಂಡು ಜಾಗ ಮಾಡಿದಳು. ಬಾಗಿಲು ಮುಚ್ಚದಂತೆ ಬಟನ್ನಿನ ಮೇಲೆ ಬೆರಳಿಟ್ಟಳು.

ಯಾರೂ ಬರಲಿಲ್ಲ. ಈಗಷ್ಟೇ ಅವಳ ಕೈಯ ಮೊಸರನ್ನ ತಿಂದವರು. ಒಂದೇ ಲಿಫ್ಟಿನ ಮಾತಿಗೆ ಚಪ್ಪಾಳೆ ತಟ್ಟಿದವರು. ಒಬ್ಬರು ಫೋನು ನೋಡಿದರು. ಒಬ್ಬರು, "ವಾಕಿಂಗ್ ಆದಂಗೂ ಆಗತ್ತೆ, ಬನ್ರೀ," ಎಂದು ಮೆಟ್ಟಿಲ ಕಡೆ ತಿರುಗಿದರು. ಅವರ ಹಿಂದೆ ಇನ್ನೊಬ್ಬರು. ಅಲಮೇಲು ಕುರ್ಚಿಯಿಂದ ಏಳಲಿಲ್ಲ. ಜಯಸಿಂಹ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು, ಕನ್ನಡಿಯ ಮೇಲಿನ ದಪ್ಪಕ್ಷರಗಳನ್ನು ನೋಡಿದರು. ಆಮೇಲೆ ಅವರೂ ಮೆಟ್ಟಿಲು ಹತ್ತಿದರು.

ಹನುಮಕ್ಕ ಬೆರಳು ತೆಗೆದಳು. ಮೂರು ಒತ್ತಿದಳು. ಬಾಗಿಲು ಮುಚ್ಚಿತು. ಕಾಲಡಿಯ ನೆಲ ಮೇಲಕ್ಕೆ ಎತ್ತಿತು. ಈ ಕೊಳವೆಯ ತಳ ಅವಳಿಗೆ ಗೊತ್ತಿತ್ತು, ಮೇಲೆ ಹೇಗಿದೆ ಅಂತ ಗೊತ್ತಿರಲಿಲ್ಲ.

ಮೂರರಲ್ಲಿ ಬಾಗಿಲು ತೆರೆಯಿತು. ಎದುರಿಗೇ ಮೆಟ್ಟಿಲು. ಕಂಬಿ ಹಿಡಿದು ಜನ ಬರುತ್ತಿದ್ದರು. "ಬರ್ತೀರಾ?" ಎಂದು ಕೇಳಿದಳು. ಕಾಣದವರಂತೆ ದಾಟಿದರು. ಕೊನೆಗೆ ಜಯಸಿಂಹ ಬಂದರು. "ಬರ್ತೀರಾ ಸಾರ್?" ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

ಐದರಲ್ಲಿ ತೆರೆದಳು. ಅವರ ಅಂಗಿ ಬೆನ್ನಿಗೆ ಅಂಟಿತ್ತು. "ಬರ್ತೀರಾ ಸಾರ್?" ಅವರು ಕಂಬಿ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು.

ಏಳರಲ್ಲಿ ತೆರೆದು ಕಾದಳು. ಮುಂದೆ ಹೋದವರ ಸದ್ದು ಮೇಲೆಲ್ಲೋ ಕರಗಿತು. ಕೆಳಗೆ ಇನ್ನೂ ಸದ್ದಿತ್ತು. ಶಶಿಕಾಂತನ ದನಿ, ಫೋನಿನಲ್ಲಿ ಯಾರನ್ನೋ ಬೈಯುವುದು, ಮೆಟ್ಟಿಲ ಸಂದಿಯಲ್ಲಿ ಎಲ್ಲ ಕೇಳುತ್ತಿತ್ತು. ಬಹಳ ಹೊತ್ತಿಗೆ ಜಯಸಿಂಹರ ತಲೆ ಕಾಣಿಸಿತು. ಕೊನೆಯ ಮೆಟ್ಟಿಲಿಗೆ ಬಂದು ಅಲ್ಲೇ ಕೂತರು. ಪೇಟ ಕೈಜಾರಿ ಎರಡು ಮೆಟ್ಟಿಲು ಕೆಳಗೆ ಉರುಳಿತು. ಬಾಯಿ ತೆರೆದು ಉಸಿರೆಳೆಯುತ್ತಿದ್ದರು.

ಹನುಮಕ್ಕ ಆ ಉಸಿರನ್ನು ಬಲ್ಲಳು. ಇಪ್ಪತ್ತು ದಿನದಿಂದ ಅದು ಅವಳದೇ ಆಗಿತ್ತು.

"ಆ ಹಾಳೆ ತೆಗೆದ್ಬಿಡು ಹನುಮಕ್ಕ," ಎಂದರು ಅವರು, ಪಿಸುದನಿಯಲ್ಲಿ. "ತೆಗೆದ್ಬಿಡು, ಬರ್ತೀನಿ. ಇಲ್ಲಿ ಯಾರೂ ಇಲ್ಲ."

"ಹಾಳೆ ತೆಗೆಯಲ್ಲ ಸಾರ್. ಟಿಕೆಟ್ಟು ಅದೇ."

"ಟಿಕೆಟ್ಟಾ?"

"ಓದಿ. ಓದಿ ಹತ್ತಿ. ನಿಮಗೂ ಅಷ್ಟೇ, ನಂಗೂ ಅಷ್ಟೇ. ಒಂದೇ ದರ."

ಬಾಗಿಲು ಮುಚ್ಚಲು ನೋಡಿತು. ಅವಳು ಬಟನ್ ಒತ್ತಿ ಹಿಡಿದಳು. ಲಿಫ್ಟು ಕಿರ್ರೆಂದು ಅರಚತೊಡಗಿತು. ಬೆರಳು ತೆಗೆಯಲಿಲ್ಲ. ಮೊಣಕಾಲು ಉರಿಯುತ್ತಿತ್ತು. ನಾಳೆ ಈ ಗೇಟಿನೊಳಗೆ ತನ್ನನ್ನು ಬಿಡುವುದಿಲ್ಲ, ನಾಡಿದ್ದು ಇನ್ನೊಂದು ಕಟ್ಟಡ, ಅಲ್ಲೂ ಒಂದು ಬೋರ್ಡು. ಇರಲಿ. ಈಗ ಇಲ್ಲಿ ನಿಂತಿದ್ದಳು.

ಜಯಸಿಂಹ ಜೇಬು ತಡಕಿ ಕನ್ನಡಕ ತೆಗೆದರು. ಹಾಕಿಕೊಳ್ಳುವಾಗ ಒಂದು ಸಲ ಕಿವಿ ತಪ್ಪಿತು. ಕಂಬಿ ಹಿಡಿದು ಎದ್ದು, ಲಿಫ್ಟಿನ ಹೊಸಿಲ ಈಚೆ ನಿಂತರು.

"ಆ ಸುರಂಗ ಅಗೆದವರ ಹೆಸರು ನನಗೆ ಗೊತ್ತಿಲ್ಲ," ಎಂದು ಓದಿದರು. ಅವರ ಎದೆಗೂ ಕೇಳಿಸದಷ್ಟು ಮೆಲ್ಲಗೆ.

"ಜೋರಾಗಿ ಸಾರ್," ಎಂದಳು ಹನುಮಕ್ಕ. "ಕೆಳಗಿನವರೆಗೂ ಕೇಳ್ಬೇಕು."